ಹೆಗಲಿನ ಆರೈಕೆ

ನಮ್ಮ ಭಾಷೆಯಲ್ಲಿ ಹೆಗಲಿಗೆ ಹಿರಿದಾದ ಸ್ಥಾನವುಂಟು. ಕಷ್ಟದಲ್ಲಿ ನೆರವಾದವನನ್ನು 'ಹೆಗಲು ಕೊಟ್ಟವನು' ಎನ್ನುತ್ತೇವೆ. ಹೊಣೆ ಹೊತ್ತವನನ್ನು 'ಭಾರವನ್ನು ಹೆಗಲೇರಿಸಿಕೊಂಡವನು' ಎನ್ನುತ್ತೇವೆ. ಆದರೆ ಆ ಹೆಗಲಿನ ರಚನೆ ಎಂಥದು, ಅದಕ್ಕೆ ನೋವು ಬಂದಾಗ ಮಾಡಬೇಕಾದುದೇನು ಎಂಬುದನ್ನು ಬಹುಮಟ್ಟಿಗೆ ನಾವು ಅರಿಯೆವು. ವರ್ಷಗಟ್ಟಲೆ ಕರಿಹಲಗೆಯ ಮೇಲೆ ಬರೆದ ನಾನೂ ಅದನ್ನು ಅರಿತದ್ದು, ನನ್ನ ಬಲಗೈ ಆ ಹಲಗೆಯ ಮೇಲಂಚನ್ನು ಮುಟ್ಟಲಾರದೆ ಹೋದಾಗಲೇ.

ಹೆಗಲಿನಲ್ಲಿ ಮೂರು ಎಲುಬುಗಳು ಕೂಡುತ್ತವೆ: ಮುಂಭಾಗದಲ್ಲಿ ಕೊರಳೆಲುಬು, ಹಿಂಭಾಗದಲ್ಲಿ ತ್ರಿಕೋನಾಕಾರದ ಹೆಗಲೆಲುಬು, ಕೆಳಗೆ ತೋಳೆಲುಬು. ತೋಳೆಲುಬಿನ ತುದಿ ಚೆಂಡಿನಂತೆ ಗುಂಡಗಿದ್ದು, ಹೆಗಲೆಲುಬಿನ ಬಟ್ಟಲಿನಲ್ಲಿ ಕುಳಿತು ತಿರುಗುತ್ತದೆ. ಸೊಂಟದ ಕೀಲೂ ಇಂಥದೇ; ಆದರೆ ಅಲ್ಲಿ ಬಟ್ಟಲು ಆಳವಾದುದು. ಹೆಗಲಿನ ಬಟ್ಟಲು ತಟ್ಟೆಯಂತೆ ಆಳವಿಲ್ಲದ್ದು. ಆದುದರಿಂದಲೇ ತೋಳು ಎಲ್ಲ ದಿಕ್ಕುಗಳಿಗೂ ಚಲಿಸಬಲ್ಲದು. ದೇಹದ ಬೇರಾವ ಕೀಲಿಗೂ ಇಷ್ಟು ಸ್ವಾತಂತ್ರ್ಯವಿಲ್ಲ. ಈ ಸ್ವಾತಂತ್ರ್ಯಕ್ಕೆ ತೆರಬೇಕಾದ ಬೆಲೆಯೂ ಉಂಟು. ಚೆಂಡು ಜಾರದಂತೆ ಹಿಡಿದಿಡುವ ಕೆಲಸವನ್ನು ಬಹುಪಾಲು ನಾಲ್ಕು ಸ್ನಾಯುಗಳು ಮತ್ತು ಕೀಲನ್ನು ಸುತ್ತುವರಿದ ಒಂದು ಪೊರೆಯ ಚೀಲವೇ ಮಾಡಬೇಕು. ಕೈ ಇಳಿಬಿಟ್ಟಾಗ ಈ ಚೀಲದ ಕೆಳಭಾಗ ಮಡಿಕೆಯಾಗಿರುತ್ತದೆ; ಕೈ ಎತ್ತಿದಾಗ ಆ ಮಡಿಕೆ ಬಿಚ್ಚಿಕೊಳ್ಳುತ್ತದೆ.

ಹೆಗಲುನೋವಿಗೆ ಕಾರಣ ಒಂದೇ ಅಲ್ಲ. ಬಿದ್ದ ಪೆಟ್ಟು, ಮಿತಿಮೀರಿದ ದುಡಿಮೆ, ಸವೆದ ಸ್ನಾಯುರಜ್ಜು, ಕತ್ತಿನ ನರದ ತೊಂದರೆ ಇವುಗಳಲ್ಲಿ ಯಾವುದಾದರೂ ಇರಬಹುದು. ಎದೆನೋವು, ಬೆವರು, ಉಬ್ಬಸಗಳೊಡನೆ ಹೆಗಲೂ ನೋಯತೊಡಗಿದರೆ ಅದು ಹೃದಯದ ವ್ಯಾಧಿಯ ಸೂಚನೆಯಾಗಿರಬಹುದು; ಆಗ ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹೀಗಾಗಿ ಕಾರಣವನ್ನು ವೈದ್ಯರಿಂದ ತಿಳಿಯದೆ ಎಣ್ಣೆ ತಿಕ್ಕುವುದಾಗಲಿ ವ್ಯಾಯಾಮಕ್ಕೆ ತೊಡಗುವುದಾಗಲಿ ಸರಿಯಲ್ಲ.

ನನಗೆ ಐವತ್ತೆರಡು ವರ್ಷವಾಗಿದ್ದಾಗ ಬಲಹೆಗಲಿನಲ್ಲಿ ನೋವು ಕಾಣಿಸಿಕೊಂಡಿತು. ರಾತ್ರಿ ಆ ಮಗ್ಗುಲಾಗಿ ಮಲಗುವಂತಿರಲಿಲ್ಲ. ಕೈ ಆಡಿಸಿದರೆ ನೋವು, ಸುಮ್ಮನಿದ್ದರೆ ಹಿತ. ಆದುದರಿಂದ ಸುಮ್ಮನಿರುವುದೇ ಮದ್ದೆಂದು ಭಾವಿಸಿ ಕೆಲವು ತಿಂಗಳು ಕೈಯನ್ನು ಮೈಗೆ ಅವುಚಿಕೊಂಡೇ ಇದ್ದೆ. ಕಡೆಗೆ ನೋವು ತುಸು ಇಳಿಯಿತು. ಕೈ ಮಾತ್ರ ಏಳಲಿಲ್ಲ. ತಲೆ ಬಾಚುವುದಕ್ಕೂ ಅಂಗಿ ತೊಡುವುದಕ್ಕೂ ಪರರ ನೆರವು ಬೇಕಾಯಿತು. ತರಗತಿಯಲ್ಲಿ ಹಲಗೆಯ ಕೆಳಗಿನ ಅರ್ಧದಲ್ಲಿ ಮಾತ್ರ ಬರೆಯುತ್ತಿದ್ದೆ. ಹಿಂದಿನ ಬೆಂಚಿನ ಹುಡುಗರು ಅದು ಕಾಣದೆ ಎದ್ದು ನಿಂತು ಬರೆದುಕೊಳ್ಳುತ್ತಿದ್ದರು. ಅವರಲ್ಲಿ ಒಬ್ಬನೂ ದೂರಲಿಲ್ಲ; ಅದೇ ನನ್ನನ್ನು ಹೆಚ್ಚು ನೋಯಿಸಿತು.

ವೈದ್ಯರು ನನ್ನ ತೋಳನ್ನು ತಾವೇ ಹಿಡಿದು ಮೇಲೆತ್ತಲು ನೋಡಿದರು. ಆಗಲೂ ಅದು ಏಳಲಿಲ್ಲ. ಕೀಲಿನ ಚೀಲವೇ ದಪ್ಪವಾಗಿ ಕುಗ್ಗಿಹೋಗಿದೆಯೆಂಬುದಕ್ಕೆ ಅದು ಗುರುತು. ಈ ಬೇನೆಗೆ 'ಹೆಪ್ಪುಗಟ್ಟಿದ ಹೆಗಲು' ಎಂಬರ್ಥದ ಹೆಸರನ್ನು 1934ರಲ್ಲಿ ಕೊಟ್ಟವರು ಅಮೆರಿಕದ ಬಾಸ್ಟನ್ ನಗರದ ಶಸ್ತ್ರವೈದ್ಯ ಕಾಡ್ಮನ್. ನಲವತ್ತರಿಂದ ಅರವತ್ತರ ವಯಸ್ಸಿನವರಲ್ಲಿ ಇದು ಹೆಚ್ಚು. ಸಕ್ಕರೆ ಕಾಯಿಲೆಯುಳ್ಳವರಲ್ಲಿ ಇನ್ನೂ ಹೆಚ್ಚು. ಮೊದಲು ನೋವು, ಅನಂತರ ಬಿಗಿತ, ಕೊನೆಯಲ್ಲಿ ನಿಧಾನವಾದ ಸಡಿಲಿಕೆ ಎಂದು ಇದಕ್ಕೆ ಮೂರು ಹಂತಗಳುಂಟು. ಇವೆಲ್ಲ ಮುಗಿಯಲು ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ ಹಿಡಿಯುತ್ತದೆ.

ವೈದ್ಯರು ನನ್ನನ್ನು ಫಿಸಿಯೋಥೆರಪಿ ಅಥವಾ ಭೌತಚಿಕಿತ್ಸೆಯ ವಿಭಾಗಕ್ಕೆ ಕಳುಹಿಸಿದರು. ಚಲನೆ, ಶಾಖ, ಅಂಗಮರ್ದನ ಮೊದಲಾದವುಗಳಿಂದ ದೇಹದ ಶಕ್ತಿಯನ್ನು ಮರಳಿ ತರುವ ವಿದ್ಯೆ ಇದು. 1894ರಲ್ಲಿ ಲಂಡನ್ನಿನಲ್ಲಿ ನಾಲ್ವರು ದಾದಿಯರು ಕೂಡಿ ಕಟ್ಟಿದ ಸಂಘವೊಂದು ಇದಕ್ಕೆ ಗೌರವಯುತ ವೃತ್ತಿಯ ರೂಪ ಕೊಟ್ಟಿತು. ಈಗ ನಮ್ಮ ರಾಜ್ಯದಲ್ಲಿಯೂ ಇದನ್ನು ಕಲಿಸುವ ಕಾಲೇಜುಗಳಿವೆ.

ಅಲ್ಲಿನ ಚಿಕಿತ್ಸಕಿ ನನಗೆ ಮೂರು ಅಭ್ಯಾಸಗಳನ್ನು ಕಲಿಸಿದರು. ಮೊದಲು ಹತ್ತು ನಿಮಿಷ ಬಿಸಿನೀರಿನ ಚೀಲದಿಂದ ಶಾಖ ಕೊಡಬೇಕು. ಅನಂತರ ಎಡಗೈಯನ್ನು ಮೇಜಿನ ಮೇಲೂರಿ, ಮುಂದಕ್ಕೆ ಬಾಗಿ, ಬಲದ ತೋಳನ್ನು ಬಾವಿಗಿಳಿಬಿಟ್ಟ ಕೊಡದಂತೆ ತೂಗಲು ಬಿಡಬೇಕು. ಮೈಯ ತೂಗಾಟದಿಂದಲೇ ಅದು ಸಣ್ಣ ಸುತ್ತುಗಳಲ್ಲಿ ತಿರುಗಬೇಕು. ಕಾಡ್ಮನ್ನರ ಹೆಸರು ಹೊತ್ತ ಲೋಲಕದ ವ್ಯಾಯಾಮ ಇದೇ. ಎರಡನೆಯದು, ಅಂಗಾತ ಮಲಗಿ, ಎರಡು ಕೈಗಳಲ್ಲಿಯೂ ಕೋಲು ಹಿಡಿದು, ಗಟ್ಟಿಯಿರುವ ಕೈಯಿಂದ ನೊಂದ ಕೈಯನ್ನು ಮೇಲೆತ್ತುವುದು. ಮೂರನೆಯದು, ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆಯಂತೆ ಮೇಲೇರಿಸುವುದು.

"ಮೇಷ್ಟ್ರೇ, ಎಳೆತ ಕಂಡರೆ ಅಂಜಬೇಡಿ, ಚುಚ್ಚಿದಂತೆ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ. ಒಂದೇ ದಿನ ಗೋಡೆ ಹತ್ತಬೇಕೆಂದು ಹಠ ಮಾಡಬೇಡಿ" ಎಂದು ಅವರು ಎಚ್ಚರಿಸಿದರು.

ಬೆರಳು ಮುಟ್ಟಿದೆಡೆಯಲ್ಲಿ ನಾನು ವಾರಕ್ಕೊಮ್ಮೆ ಸೀಸದ ಕಡ್ಡಿಯಿಂದ ಗೆರೆ ಎಳೆಯತೊಡಗಿದೆ. ಕೆಲವು ವಾರ ಅದು ಒಂದು ಬೆರಳಗಲ ಏರಿತು. ಕೆಲವು ವಾರ ಏರಲೇ ಇಲ್ಲ. ನನ್ನ ಅವಸರದಿಂದ ಒಮ್ಮೆ ನೋವು ಹೆಚ್ಚಿ ಕೆಳಗೂ ಇಳಿಯಿತು. ಹದಿನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಹಲಗೆಯ ಮೇಲಂಚಿನಲ್ಲಿ ದಿನಾಂಕ ಬರೆದೆ. ಹಿಂದಿನ ಬೆಂಚಿನವರು ಕುಳಿತಲ್ಲಿಯೇ ಅದನ್ನು ಓದಿದರು.

ಇದು ವ್ಯಾಯಾಮವೊಂದರಿಂದಲೇ ಆಯಿತೆಂದು ನಾನು ಹೇಳಲಾರೆ. ಕಾಲವೂ ತನ್ನ ಕೆಲಸ ಮಾಡಿತು. ಆದರೆ ಉಳಿದಿದ್ದ ಚಲನೆಯನ್ನು ಕಳೆದುಕೊಳ್ಳದಂತೆ ಕಾಪಾಡಿದ್ದು ನಿತ್ಯದ ಅಭ್ಯಾಸವೇ. ವಿದ್ಯಾರ್ಥಿಗಳಾದ ನೀವು ಪುಸ್ತಕದ ಚೀಲವನ್ನು ಒಂದೇ ಹೆಗಲಿಗೆ ತೂಗುಹಾಕದೆ ಎರಡಕ್ಕೂ ಹಂಚಿರಿ. ಬಹಳ ಹೊತ್ತು ಬಾಗಿ ಬರೆಯುವಾಗ ನಡುನಡುವೆ ಎದ್ದು ತೋಳು ಚಾಚಿರಿ. ಮನೆಯ ಹಿರಿಯರು ಕೈ ಎತ್ತಲು ಕಷ್ಟಪಡುವುದನ್ನು ಕಂಡರೆ, ವಯಸ್ಸಿನ ನೋವೆಂದು ಕಡೆಗಣಿಸದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಅವರು ಅಭ್ಯಾಸ ಮಾಡುವಾಗ ಗೋಡೆಯ ಮೇಲೆ ಗೆರೆ ಎಳೆಯುವ ಕೆಲಸ ನಿಮ್ಮದಾಗಲಿ. ಹಿರಿಯರಿಗೆ ಹೆಗಲು ಕೊಡುವುದೆಂದರೆ ಇದೂ ಹೌದು.