ಖಾಲಿ ತೋಟಾ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆ ಅಡಿಕೆ ತೋಟವುಳ್ಳ ಹಳೆಯ ಮನೆಗಳ ಗೋಡೆಯಲ್ಲಿ ಕೋವಿಯೊಂದು ತೂಗುತ್ತಿದ್ದುದು ಅಪರೂಪದ ನೋಟವೇನೂ ಅಲ್ಲ. ಕಾಡುಹಂದಿ, ಮಂಗಗಳಿಂದ ಬೆಳೆಯನ್ನು ಕಾಯುವುದಕ್ಕಾಗಿ ಪರವಾನಗಿ ಪಡೆದ ಕೋವಿ ಅದು. ಕೆಲವು ಮನೆಗಳಲ್ಲಿ ಕೇಪಿನ ಕೋವಿ. ಅದಕ್ಕೆ ಮದ್ದನ್ನೂ ಚರೆಯನ್ನೂ ಬಾಯಿಂದ ಸುರಿದು ಗಜದಿಂದ ಜಡಿಯಬೇಕು. ಇನ್ನು ಕೆಲವೆಡೆ ತೋಟಾ ಕೋವಿ. ತೋಟಾ ದುಬಾರಿಯಾದ್ದರಿಂದ, ಹಾರಿಸಿದ ಮೇಲೆ ಉಳಿದ ಖಾಲಿ ಕೊಳವೆಯನ್ನು ಎಸೆಯದೆ ಮತ್ತೆ ತುಂಬುವ ರೂಢಿಯೂ ಉಂಟಾಯಿತು.

ಈ ಕೊಳವೆಯ ಕೆಲಸವೇನು? ಅದು ಮದ್ದಿನ ಚೀಲ ಮಾತ್ರವಲ್ಲ. ಮದ್ದು ಹೊತ್ತಿಕೊಂಡ ಕ್ಷಣದಲ್ಲಿ ಕೊಳವೆ ಹಿಗ್ಗಿ ನಳಿಗೆಯ ಗೋಡೆಗೆ ಅಂಟಿ ನಿಲ್ಲುತ್ತದೆ. ಬೆಂಕಿಯ ಉಸಿರು ಹಿಂದಕ್ಕೆ, ಅಂದರೆ ಕೋವಿಗೆ ಕೆನ್ನೆಯಾನಿಸಿದವನ ಕಣ್ಣಿನತ್ತ, ನುಗ್ಗದಂತೆ ತಡೆಯುತ್ತದೆ. ಹಿತ್ತಾಳೆಯ ಕೊಳವೆ ಹೀಗೆ ಹಿಗ್ಗಿ ಕುಗ್ಗಿ ಕಾಲಕ್ರಮದಲ್ಲಿ ಬಿರುಸಾಗುತ್ತದೆ. ಕೂದಲೆಳೆಯಂಥ ಬಿರುಕು ಮೂಡುತ್ತದೆ. ಕಾಗದದ ಕೊಳವೆಯಾದರೋ ಮಲೆನಾಡಿನ ಮಳೆಗಾಲದ ಥಂಡಿಗೆ ಉಬ್ಬಿ ನಳಿಗೆಗೆ ಕೂರುವುದೇ ಇಲ್ಲ. ಆದ್ದರಿಂದ ಬಲ್ಲವರು ಮೊದಲು ಮಾಡುತ್ತಿದ್ದುದು ತುಂಬುವ ಕೆಲಸವನ್ನಲ್ಲ, ನೋಡುವ ಕೆಲಸವನ್ನು. ಬಿರಿದದ್ದು, ಉಬ್ಬಿದ್ದು, ಬುಡ ಸಡಿಲಾದದ್ದು ನಿರ್ದಾಕ್ಷಿಣ್ಯವಾಗಿ ಕಸಕ್ಕೆ ಹೋಗಬೇಕು. ಒಂದು ತೋಟಾ ಉಳಿಸಹೋಗಿ ಕೈ ಕಳೆದುಕೊಳ್ಳುವುದು ಯಾವ ಲೆಕ್ಕದ ಉಳಿತಾಯ?

ಮದ್ದಿನಲ್ಲಿಯೂ ಭೇದವುಂಟು. ಕರಿಮದ್ದು ಬೇರೆ, ಹೊಗೆಯಿಲ್ಲದ ಮದ್ದು ಬೇರೆ. ಕರಿಮದ್ದಿಗೆಂದಿರುವ ಅಳತೆಯಲ್ಲಿ ಎರಡನೆಯದನ್ನು ಸುರಿದರೆ ನಳಿಗೆ ಸಿಡಿಯುತ್ತದೆ. ಹನ್ನೆರಡರ ಕೋವಿಯ ನಳಿಗೆ ಸುಮಾರು 18.5 ಮಿಲಿಮೀಟರಿನದು, ಇಪ್ಪತ್ತರದು ಸುಮಾರು 15.6. ಆತುರದಲ್ಲಿ ಹನ್ನೆರಡರ ಕೋವಿಗೆ ಇಪ್ಪತ್ತರ ತೋಟಾ ಹಾಕಿದರೆ ಅದು ಜಾರಿ ಒಳಗೆ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಸರಿಯಾದ ತೋಟಾ ಇಟ್ಟು ಹಾರಿಸಿದವನು ತನ್ನ ಕೈಯಲ್ಲೇ ಸಿಡಿತಲೆಯನ್ನು ಹಿಡಿದಂತೆ. ಇಪ್ಪತ್ತರ ತೋಟಾಗಳಿಗೆ ಹಳದಿ ಬಣ್ಣ ಕೊಡುವ ವಾಡಿಕೆ ಬಂದದ್ದು ಈ ಭಯದಿಂದಲೇ. ಗೋಡೆಯಲ್ಲಿ ತಿಂಗಳುಗಟ್ಟಲೆ ತೂಗಿದ ನಳಿಗೆಯೊಳಗೆ ಹುಳು ಮಣ್ಣಿನ ಗೂಡು ಕಟ್ಟಿದ್ದರೂ ಅಪಾಯ ಅಷ್ಟೇ. ಬೆಳಕಿಗೆ ಹಿಡಿದು ನೋಡದೆ ತೋಟಾ ಹಾಕಬಾರದು.

ಕಾಲ ಬದಲಾಗಿದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಕಲಮಿನಂತೆ ಮದ್ದುಗುಂಡು ತಯಾರಿಸಲು ಬೇರೆಯೇ ಪರವಾನಗಿ ಬೇಕು. ಕೋವಿ ಇಟ್ಟುಕೊಳ್ಳಲು ಕೊಟ್ಟ ಅಪ್ಪಣೆ ತೋಟಾ ತುಂಬಲು ಕೊಟ್ಟ ಅಪ್ಪಣೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಶಿಕಾರಿಯ ದಿನಗಳಿಗೂ ತೆರೆ ಎಳೆಯಿತು. ಜಗಲಿಯಲ್ಲಿ ಕೂತು ತೋಟಾ ತುಂಬುವ ವಿದ್ಯೆ ಹೀಗೆ ಮರೆಯಾಗುತ್ತಿರುವುದಕ್ಕೆ ಮರುಗಬೇಕಾಗಿಲ್ಲ.

ಆದರೆ ಆ ವಿದ್ಯೆಯ ಬೆನ್ನಿಗಿದ್ದ ಶಿಸ್ತು ಮರೆಯಾಗಬಾರದು. ದೀಪದ ಬಳಿ ಮದ್ದು ಬಿಚ್ಚಬಾರದು, ಮಾತಾಡುತ್ತ ಅಳೆಯಬಾರದು, ತೋಟಾ ಒಂದು ಕಡೆ, ಕೋವಿ ಇನ್ನೊಂದು ಕಡೆ, ಎರಡಕ್ಕೂ ಬೀಗ, ಮಕ್ಕಳ ಕೈಗೆ ಎಟುಕಬಾರದು, ಬರಿದೆಂದು ಬಲ್ಲ ಕೋವಿಯನ್ನೂ ಮನುಷ್ಯನತ್ತ ತಿರುಗಿಸಬಾರದು. ಪೊದೆ ಅಲುಗಿದಾಗ ಅಲ್ಲಿರುವುದು ಹಂದಿಯೋ, ಸೊಪ್ಪಿಗೆ ಬಂದ ನೆರೆಯವನೋ ಎಂಬುದು ಕಣ್ಣಿಗೆ ಖಚಿತವಾಗುವ ತನಕ ಬೆರಳು ಕುದುರೆಯ ಮೇಲೆ ಹೋಗಬಾರದು. ಹಾರಿದ ಈಡನ್ನು ಮರಳಿ ಕರೆಯುವ ಉಪಾಯವನ್ನು ಯಾರೂ ಕಂಡುಹಿಡಿದಿಲ್ಲ.