ಘಾಟಿಯಲ್ಲಿ ಕಾದ ಚಕ್ರ

ಪುಣೆಯಿಂದ ಮುಂಬಯಿಗೆ ಬಾಡಿಗೆಯ ಮನೆಗಾಡಿಯೊಂದರಲ್ಲಿ ಖಂಡಾಲಾ ಘಾಟಿಯನ್ನು ಇಳಿಯುತ್ತಿದ್ದೆವು. ಮಕ್ಕಳು ಒಳಗೆ ನಿದ್ರಿಸುತ್ತಿದ್ದರು. ಸುಟ್ಟ ವಾಸನೆ ಬಂದಿತು. ಅಡಿಗೆಯ ಒಲೆಯನ್ನು ನೋಡಿದೆವು, ಆರಿತ್ತು. ಖೋಪೋಲಿಯಲ್ಲಿ ನಿಲ್ಲಿಸಿ, ಚಕ್ರಗಳನ್ನು ಮುಟ್ಟದೆ ಕೈಯನ್ನು ಹತ್ತಿರ ಹಿಡಿದು ಪರೀಕ್ಷಿಸಿದೆವು. ಎಲ್ಲವೂ ಸಮನಾಗಿ ಕಾದಿದ್ದರೆ, ಚಾಲಕನು ಕೆಳಗಿನ ಗೇರಿನಲ್ಲಿ ಇಳಿಯದೆ ಬ್ರೇಕನ್ನೇ ತುಳಿದುಕೊಂಡು ಬಂದನೆಂದು ಊಹಿಸಬಹುದಿತ್ತು. ಆದರೆ ಹಿಂದಿನ ಎಡಚಕ್ರವೊಂದೇ ಕೆಂಡವಾಗಿತ್ತು. ಕಾಲೆತ್ತಿದರೂ ಅಲ್ಲಿಯ ಬ್ರೇಕು ಬಿಡುತ್ತಿಲ್ಲ, ಇಲ್ಲವೆ ಬೇರಿಂಗು ಕೆಟ್ಟಿದೆ!

ಚಾಲಕನು ನೀರು ಸುರಿಯಹೋದನು; ತಡೆದೆವು. ಕಾದ ಕಾವಲಿಗೆ ತಣ್ಣೀರು ಚಿಮುಕಿಸುವುದು ದೋಸೆಗೆ ಸರಿ. ಎರಕದ ಕಬ್ಬಿಣದ ಡ್ರಮ್ಮು ಬಿರಿದೀತು. ಟಯರಿನ ಗಾಳಿಯನ್ನೂ ಬಿಡಗೊಡಲಿಲ್ಲ. ಕಾವಿಗೆ ಏರಿದ ಒತ್ತಡವು ತಣಿದಾಗ ತಾನೇ ಇಳಿಯುವುದು; ಈಗ ಬಿಟ್ಟರೆ ಮುಂದೆ ಗಾಳಿ ಸಾಲದೆ ಟಯರು ಮತ್ತಷ್ಟು ಕಾಯುವುದು. ತಣಿದ ಮೇಲೆ ಮೇಸ್ತ್ರಿಯು ಬಿಚ್ಚಿ ನೋಡಲು, ಬ್ರೇಕಿನ ಸಿಲಿಂಡರಿನಲ್ಲಿ ತುಕ್ಕು ಹಿಡಿದು ಪಿಸ್ಟನ್ನು ಸಿಕ್ಕಿಕೊಂಡಿತ್ತು.