ಕಬ್ಬಿನ ರವದಿಗೆ ಬೆಂಕಿ ಬೇಡ, ಗೊಬ್ಬರ ಮಾಡೋಣ



ಗಡಿಯಾಚೆಯ ನಮ್ಮ ಊರುಗಳಲ್ಲಿ ಬೆಳೆಯ ಉಳಿಕೆಗೆ ಹಲವು ಹೆಸರು. ಕಾಸರಗೋಡಿನಲ್ಲಿ ಬೈಹುಲ್ಲು, ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಜೋಳದ ಕಣಿಕೆ, ಕಬ್ಬಿನ ರವದಿ. ಬೈಹುಲ್ಲು, ಕಣಿಕೆ ದನಗಳಿಗೆ ಮೇವಾಗುತ್ತವೆ. ಒಣ ರವದಿ ಮೇವಿಗೆ ಬಾರದು. ಹಾಗಾಗಿ ಕಬ್ಬು ಕಡಿದ ಮೇಲೆ ಅದಕ್ಕೆ ಬೆಂಕಿ ಹಚ್ಚುವುದು ರೂಢಿಯಾಗಿದೆ. ಒಂದು ಎಕರೆಯಲ್ಲಿ ಸುಮಾರು 3ರಿಂದ 4 ಟನ್ ರವದಿ ಹೀಗೆ ಬೂದಿಯಾಗುತ್ತದೆ.

ಸುಟ್ಟರೆ ಪೊಟ್ಯಾಷ್ ಬೂದಿಯಲ್ಲಿ ಉಳಿಯುತ್ತದೆ. ಆದರೆ ಸಾರಜನಕದ ಬಹುಪಾಲು ಹೊಗೆಯ ಜೊತೆ ಹೋಗುತ್ತದೆ. ಅದನ್ನೇ ಮತ್ತೆ ಯೂರಿಯಾ ಚೀಲದಲ್ಲಿ ದುಡ್ಡು ಕೊಟ್ಟು ತರುತ್ತೇವೆ.

ಹಸಿ ಮಣ್ಣಿನಲ್ಲಿ ಹಾಗೆಯೇ ಉತ್ತು ಮುಚ್ಚಿದರೂ ತೊಂದರೆ ಇದೆ. ರವದಿಯಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದ ಎಳೆದುಕೊಳ್ಳುತ್ತವೆ; ಪೈರು ಹಳದಿಗಟ್ಟುತ್ತದೆ. ಮೊದಲೇ ಕೊಳೆಸಿ ಹೊಲಕ್ಕೆ ಹಾಕಿದರೆ ಈ ಕಾಟವಿಲ್ಲ.

‘ಎತ್ತು ಮಾರಿಯಾಗಿದೆ, ಸಗಣಿ ಎಲ್ಲಿಂದ ತರೋಣ?’ ಎಂದು ಅನೇಕರು ಕೇಳಬಹುದು. ಮಹಾರಾಷ್ಟ್ರದ ಯವತಮಾಳ ಜಿಲ್ಲೆಯ ಪುಸದದ ರೈತ ನಾ. ದೇ. ಪಾಂಢರಿಪಾಂಡೆ ಕಡಿಮೆ ಸಗಣಿಯ ಒಂದು ಪದ್ಧತಿ ರೂಪಿಸಿದರು. ಅವರ ಹೆಸರಿನಿಂದಲೇ ಅದು ‘ನಾಡೆಪ್’ ಆಯಿತು.

10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಎತ್ತರದ ಇಟ್ಟಿಗೆ ತೊಟ್ಟಿ ಕಟ್ಟಬೇಕು. ಗಾಳಿಯಾಡಲು ಗೋಡೆಯಲ್ಲಿ ಕಿಂಡಿ ಬಿಡಬೇಕು. ಒಂದು ತೊಟ್ಟಿಗೆ ಸುಮಾರು 1,400 ಕಿಲೋ ಕಸಕಡ್ಡಿ, 100 ಕಿಲೋ ಸಗಣಿ, 1,750 ಕಿಲೋ ಜರಡಿ ಹಿಡಿದ ಮಣ್ಣು ಸಾಕು. ಕತ್ತರಿಸಿದ ರವದಿಯನ್ನು 6 ಅಂಗುಲ ಹಾಸಿ, ಸಗಣಿ ನೀರು ಚಿಮುಕಿಸಿ, ಮೇಲೆ ತೆಳುವಾಗಿ ಮಣ್ಣು ಹರಡಿ. ಹಸಿ ಸೊಪ್ಪು ಸಿಕ್ಕರೆ ಸೇರಿಸಿ. ಅದರಲ್ಲಿ ಸಾರಜನಕ ಹೆಚ್ಚು. ಹೀಗೆ ಪದರದ ಮೇಲೆ ಪದರ ಹಾಕಿ, ತೊಟ್ಟಿಗಿಂತ ಒಂದೂವರೆ ಅಡಿ ಎತ್ತರಕ್ಕೆ ಒಟ್ಟಿ, ಮಣ್ಣು ಸಗಣಿಯಿಂದ ಮೆತ್ತಿ.

ಎರಡು ಮೂರು ವಾರದಲ್ಲಿ ರಾಶಿ ಕುಸಿಯುತ್ತದೆ. ಮತ್ತೆ ತುಂಬಿ ಮೆತ್ತಿ. ಬಿರುಕು ಬಿಟ್ಟರೆ ಮುಚ್ಚಿ, ತೇವ ಆರದಂತೆ ನೀರು ಚಿಮುಕಿಸಿ. ತಿರುವಿ ಹಾಕುವ ಕೆಲಸವಿಲ್ಲ. 90ರಿಂದ 120 ದಿನದಲ್ಲಿ ಗೊಬ್ಬರ ಸಿದ್ಧ. ಅದು ಕಂದು ಬಣ್ಣದ್ದಾಗಿ, ಪುಡಿಪುಡಿಯಾಗಿ, ದುರ್ವಾಸನೆಯಿಲ್ಲದೆ ಇರಬೇಕು.

ಇಡೀ ಹೊಲದ ರವದಿ ಒಂದು ತೊಟ್ಟಿಯಲ್ಲಿ ಹಿಡಿಯದು. ಉಳಿದದ್ದನ್ನು ಕುಳೆ ಕಬ್ಬಿನ ಸಾಲುಗಳ ನಡುವೆ ಹಾಸಿದರೆ ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ. ನೀರಿಗೆ ಬರವಿರುವ ನಮ್ಮ ಸೀಮೆಗೆ ಅದೂ ಸಣ್ಣ ಲಾಭವಲ್ಲ. ಈ ಹಂಗಾಮಿನಲ್ಲಿ ಊರಿಗೊಂದಾದರೂ ತೊಟ್ಟಿ ಕಟ್ಟೋಣ. ನೋಡಿದ ನೆರೆಯವರು ತಾವೂ ಕಟ್ಟುತ್ತಾರೆ.